ಕೊಕ್ಕನೂರಿನ ಜರ್ಮನ್ ಮಗಳು

ನಮ್ಮ ಮನೆಯವರಿಗೆ ನಾಚಿಕೆಯಾದರೆ ತಲೆಯ ಮೇಲಿನ ಕರಿ ಟೋಪಿಯನ್ನು ತೆಗೆದು ಅದರೊಳಗೆ ಇಣುಕಿ ನೋಡುತ್ತಾರೆ. ಅಲ್ಲಿ ಎಣ್ಣೆಯ ಜಿಡ್ಡು ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಕಳೆದುಹೋದ ಮರ್ಯಾದೆ ಅಲ್ಲೇ ಎಲ್ಲೋ ಬಿದ್ದಿರಬೇಕು ಎನ್ನುವಂತೆ ಹುಡುಕುತ್ತಾರೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತನ್ನ ದೇಶಕ್ಕೆ ಹೋಗಿಬರಲು ಸರ್ಕಾರದ ಅಪ್ಪಣೆ ಕೇಳಿದ ಆ ಬೇಸಿಗೆಯಲ್ಲಿ ಅವರು ಟೋಪಿಯನ್ನು ನೋಡಿದಷ್ಟು ಹೊತ್ತು ಇಡೀ ಆಯುಷ್ಯದಲ್ಲಿ ನನ್ನ ಮುಖ ನೋಡಿರಲಾರರು.

ಬರೆಯುವಾಗ ಗಂಡನ ಹೆಸರು ಹೇಳಿದರೆ ದೋಷವಿಲ್ಲವೆಂದು ನಮ್ಮ ಅಯ್ಯನೋರು ಹೇಳಿದ್ದಾರೆ. ಕಲ್ಲೇಶಪ್ಪ. ದಾವಣಗೆರೆಯ ಚೌಕಿಪೇಟೆಯಲ್ಲಿ ಅರಳೆ ದಲಾಲಿ ಅಂಗಡಿ. ಅರಳೆಯ ವಿಷಯದಲ್ಲಿ ಅವರ ಮಾತು ಕೇಳುವವರು ಕಡಿಮೆ. ಆದರೆ ಸರ್ಕಾರದ ಕಾಗದವೆಂದರೆ ಇಡೀ ಓಣಿ ನಮ್ಮ ಜಗಲಿಗೆ ಬರುತ್ತಿತ್ತು. ಅದಕ್ಕೆ ಕಾರಣ, ಒಂದು ಸಲ ಯಾರದೋ ಪಹಣಿಯಲ್ಲಿ ತಪ್ಪಿದ್ದ ಹೆಸರನ್ನು ಇವರು ಓಡಾಡಿ ಸರಿ ಮಾಡಿಸಿದ್ದರು. ಅದು ತಾನಾಗಿಯೇ ಸರಿಯಾಗುವುದರಲ್ಲಿತ್ತು ಎಂದು ಶಾನುಭೋಗರು ಆಮೇಲೆ ಹೇಳಿದರಂತೆ. ಅಷ್ಟರಲ್ಲಿ ಕೀರ್ತಿ ಹಬ್ಬಿ ಆಗಿತ್ತು.

ಮೈದುನ ಬಕ್ಕೇಶಪ್ಪ ಮಗ್ಗದ ಯಂತ್ರಗಳ ಕೆಲಸ ಕಲಿಯಲೆಂದು ಜರ್ಮನಿಗೆ ಹೋದವನು. ಚೀನಾದ ಯುದ್ಧ ಆದಮೇಲೆ, ಪರದೇಶದವರೆಂದರೆ ಕಚೇರಿಗಳು ಕಣ್ಣು ಅಗಲಿಸುತ್ತಿದ್ದ ಕಾಲದಲ್ಲಿ, ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ವಾಪಸು ಬಂದ. ಜೊತೆಗೆ ಹೆಂಡತಿ ಹೆಲ್ಗಾ, ಎರಡು ವರ್ಷದ ಮಗ ಪೀಟರ್. ಜಟಕಾದಿಂದ ಇಳಿದವಳ ಕೊರಳಲ್ಲಿ ತಾಳಿ ಇಲ್ಲ, ಕೈಯಲ್ಲಿ ಬಳೆ ಇಲ್ಲ, ಕಂಕುಳಲ್ಲಿ ಮಾತ್ರ ಕೂಸು. ಎದುರುಮನೆಯ ತಿಮ್ಮವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, ಅವರ ದೇಶದಲ್ಲಿ ಹೆಣ್ಣುಮಕ್ಕಳನ್ನು ಹೀಗೇ ಕಳಿಸುತ್ತಾರೇನವ್ವ ಎಂದು ನನ್ನನ್ನು ಕೇಳಿದಳು. ಮೆಲ್ಲಗೆ ಕೇಳಿದಳು ಎಂದು ಅವಳ ಭಾವನೆ. ಮೂರನೆಯ ಮನೆಯವರೂ ಉತ್ತರಕ್ಕಾಗಿ ಕಿವಿ ಕೊಟ್ಟಿದ್ದರು.

ನಮ್ಮವರು ಕೆಲವು ದಿನ ಅಂಗಡಿಗೆ ಹಿತ್ತಲ ದಾರಿಯಿಂದ ಹೋಗಿಬಂದರು. ಆಮೇಲೆ ಒಂದು ಬೆಳಿಗ್ಗೆ, ಕಾಫಿ ಲೋಟ ಹಿಡಿದೇ ಎದ್ದುನಿಂತು, ನಮ್ಮ ಪದ್ಧತಿಯಂತೆ ಮತ್ತೊಂದು ಮದುವೆ ಮಾಡಿಬಿಡೋಣ ಎಂದರು.

ಲಿಂಗಧಾರಣೆಗೆ ಅಯ್ಯನೋರು ಒಪ್ಪಿದರು. ಉಳಿದದ್ದು ತವರು. ನಮ್ಮಲ್ಲಿ ಹೆಣ್ಣನ್ನು ಒಪ್ಪಿಸಿಕೊಡಲು ತಾಯಿತಂದೆ ಬೇಕು. ಇಲ್ಲದವಳಿಗೆ ಬೇರೆ ಯಾರಾದರೂ ಗಂಡಹೆಂಡತಿ ಆ ಜಾಗದಲ್ಲಿ ನಿಲ್ಲುತ್ತಾರೆ. ಅದು ಅರ್ಧ ಗಂಟೆಯ ನಾಟಕವಲ್ಲ. ಆವತ್ತಿನಿಂದ ಅದೇ ಅವಳ ತವರು. ಪಂಚಮಿಗೆ ಅವರು ಬಂದು ಕರೆದುಕೊಂಡು ಹೋಗಬೇಕು, ಬಾಣಂತನ ಮಾಡಬೇಕು, ಅಳಿಯ ಬೈದರೆ ಬಂದು ಕೇಳಬೇಕು. ನಮ್ಮ ಅಂಗಡಿಗೆ ಹತ್ತಿ ಹಾಕುತ್ತಿದ್ದ ಕೊಕ್ಕನೂರಿನ ವಾಮದೇವಪ್ಪನವರಿಗೆ ನಾಲ್ವರು ಗಂಡುಮಕ್ಕಳು, ಹೆಣ್ಣು ಸಂತಾನವಿಲ್ಲ. ಕೇಳಿದ್ದೇ ತಡ, ಗಂಡಹೆಂಡತಿ ಇಬ್ಬರೂ ಒಪ್ಪಿದರು. ಹುಡುಗಿ ಯಾವ ದೇಶದವಳು ಎಂದು ಅವರು ಕೇಳಲೇ ಇಲ್ಲ, ರೊಟ್ಟಿ ತಿನ್ನುತ್ತಾಳೆಯೇ ಎಂದು ಕೇಳಿದರು.

ಹೆಲ್ಗಾಳನ್ನು ಎರಡು ದಿನ ಮುಂಚೆ ಕೊಕ್ಕನೂರಿಗೆ ಕಳಿಸಿ, ಅಲ್ಲಿಂದ ಹಣೆಗೆ ಬಾಸಿಂಗ ಕಟ್ಟಿ, ಎತ್ತಿನ ಗಾಡಿಯಲ್ಲಿ ಹರಿಹರದ ಮೇಲೆ ಕರೆತಂದದ್ದಾಯಿತು. ಬಳುವಳಿಯಾಗಿ ಒಂದು ಎಮ್ಮೆ ಹಿಂದೆ ನಡೆದುಬಂತು. ಮದುವೆಯಲ್ಲಿ ಪೀಟರ್ ಅಪ್ಪನ ತೊಡೆಯ ಮೇಲೆ ಕೂತು ಅಕ್ಷತೆ ತಿಂದ. ಹೆಸರು ಬದಲಿಸುವಾಗ ನಮ್ಮವರು ತೀರಿಕೊಂಡ ತಮ್ಮ ತಾಯಿಯ ಹೆಸರನ್ನೇ ಇಡಿಸಿದರು, ದ್ರಾಕ್ಷಾಯಣಮ್ಮ. ದೊಡ್ಡವರ ಹೆಸರಿಟ್ಟರೆ ಓಣಿಯಲ್ಲಿ ಯಾರೂ ಹಗುರವಾಗಿ ಮಾತಾಡುವುದಿಲ್ಲ ಎಂದು ಅವರ ಲೆಕ್ಕ. ನಾನೂ ತವರಿನಲ್ಲಿ ಗೌರಮ್ಮ, ಇಲ್ಲಿಗೆ ಬಂದಮೇಲೆ ನಿರ್ಮಲಮ್ಮ. ಹಳೆಯ ಹೆಸರು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಹೆಲ್ಗಾ ಮಾತ್ರ ಕೇಳಿದಳು. ನನ್ನದನ್ನೂ ಕೇಳಿದಳು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಚೆನ್ನಾಗಿತ್ತು. ಆದರೆ ಪರದೇಶದವರು ಬಹಳ ದಿನ ಉಳಿದರೆ ಪೊಲೀಸರಲ್ಲಿ ಬರೆಸಬೇಕೆಂದು ಕಾನೂನು. ಪಾಸ್‌ಪೋರ್ಟು ತಗೊಂಡು ನಾನೇ ಹೋಗಿ ಬರೆಸಿಬರುತ್ತೇನೆ ಎಂದು ಬಕ್ಕೇಶಪ್ಪ ಹೊರಟ. ನಮ್ಮವರು ಬಾಗಿಲಿಗೆ ಅಡ್ಡ ನಿಂತರು.

"ನಾನಿರೋವಾಗ ನೀನ್ಯಾಕ ಠಾಣೆ ಮೆಟ್ಲು ಹತ್ತಬೇಕು? ನಮ್ಮ ಮನೆ ಸೊಸಿ ಹೆಸರು ಅಲ್ಲಿ ಹೋಗಿ ಕೂಗಿ ಬರ್ತಿಯೇನು? ಫಾರಂ ತರಿಸ್ತೀನಿ, ಜಗಲಿ ಮ್ಯಾಲೆ ಕುಂತು ಬರೀತೀನಿ, ಟಪಾಲಿಗೆ ಹಾಕ್ತೀನಿ. ಮುಗೀತು."

ಅಣ್ಣನಿಗೆ ಎದುರಾಡುವುದನ್ನು ಜರ್ಮನಿಯಲ್ಲಿ ಕಲಿಸಿರಲಿಲ್ಲ. ಅವನು ಸುಮ್ಮನೆ ಹರಿಹರದ ಬಸ್ಸು ಹತ್ತಿದ.

ಫಾರಂ ಬರೆದ ದಿನ ಜಗಲಿಯ ಮೇಲೆ ಜಾಗವಿರಲಿಲ್ಲ. ನಾನು ಮಂಡಕ್ಕಿ ಒಗ್ಗರಣೆ ಹಾಕಿ ಹಾಕಿ ಸಾಕಾದೆ. ನಮ್ಮವರು ಒಂದೊಂದು ಪ್ರಶ್ನೆಯನ್ನೂ ಮನೆತನದ ಮರ್ಯಾದೆಯ ಪ್ರಶ್ನೆಯೆಂದೇ ತಿಳಿದು ಉತ್ತರ ಬರೆದರು. ಹೆಸರು, ದ್ರಾಕ್ಷಾಯಣಮ್ಮ. ತಂದೆ, ವಾಮದೇವಪ್ಪ, ಜಮೀನ್ದಾರರು. ಸ್ವಂತ ಊರು, ಕೊಕ್ಕನೂರು. ಮದುವೆಯಾದ ದಿನ, ಮಾಘ ಶುದ್ಧ ಪಂಚಮಿ. ಮಕ್ಕಳು, ಗಂಡು ಒಂದು, ವಯಸ್ಸು ಎರಡು. ಯಾವ ಮಾರ್ಗವಾಗಿ, ಯಾವ ವಾಹನದಲ್ಲಿ ಬಂದಿರಿ ಎಂಬಲ್ಲಿಗೆ ಬಂದಾಗ ಒಂದು ಗಳಿಗೆ ಯೋಚಿಸಿ, ಹರಿಹರದ ಮಾರ್ಗವಾಗಿ, ಎತ್ತಿನ ಗಾಡಿಯಲ್ಲಿ ಎಂದು ಬರೆದರು. ಬಾಡಿಗೆ ಗಾಡಿಯಲ್ಲ, ಸ್ವಂತದ್ದು ಎಂದೂ ಸೇರಿಸಿದರು.

ಪಾಸ್‌ಪೋರ್ಟಿನ ವಿವರ ಕೇಳಿದ್ದ ಜಾಗವನ್ನು ಖಾಲಿ ಬಿಟ್ಟರು. ಅದು ಬೇರೆ ಸರ್ಕಾರದ ಪುಸ್ತಕ, ನಮ್ಮ ಸರ್ಕಾರಕ್ಕೆ ಅದರ ಗೊಡವೆ ಯಾಕೆ ಎಂದು ಅದನ್ನು ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಡಿಸಿದರು. ಕೊನೆಗೆ ಸಹಿ. ಹೆಲ್ಗಾ ನನ್ನ ಮಗಳ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಆ ಉದ್ದನೆಯ ಹೆಸರನ್ನು ಕಲಿತಿದ್ದಳು. ನಾಲಿಗೆ ಕಚ್ಚಿಕೊಂಡು ಒಂದೂ ಒತ್ತಕ್ಷರ ತಪ್ಪದೆ ಬರೆದಳು. ಓಣಿಯೇ ಭೇಷ್ ಎಂದಿತು.

ಸರ್ಕಾರದಿಂದ ಏನೂ ಉತ್ತರ ಬರಲಿಲ್ಲ. ಸರ್ಕಾರ ಸುಮ್ಮನಿದ್ದರೆ ಒಪ್ಪಿದೆ ಎಂದರ್ಥ ಎಂದು ನಮ್ಮವರು ವಿವರಿಸಿದರು.

ವರ್ಷ ಕಳೆಯಿತು. ಹೆಲ್ಗಾ ರೊಟ್ಟಿ ಬಡಿಯುವುದನ್ನು ಕಲಿತಳು. ಪಂಚಮಿಗೆ ವಾಮದೇವಪ್ಪನವರು ಗಾಡಿ ಕಟ್ಟಿಕೊಂಡು ಬಂದು ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೋದರು. ಎಂಟು ದಿನದ ಮೇಲೆ ಕಳಿಸಿದಾಗ ಅವಳ ಮಾತು ಪೂರ್ತಿ ಕೊಕ್ಕನೂರಿನದಾಗಿತ್ತು. ಎಮ್ಮೆ ಅವಳಲ್ಲದೆ ಬೇರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಮನೆಗೆ ಮಿಕ್ಕ ಹಾಲನ್ನು ತಿಮ್ಮವ್ವ ದಿನವೂ ವರ್ತನೆಗೆ ಹಾಕಿಸಿಕೊಳ್ಳುತ್ತಿದ್ದಳು. ಹಾಲಿಗೆ ನೀರು ಬೆರೆಸದ ಸೊಸೆಯನ್ನು ಚೌಕಿಪೇಟೆ ಇದೇ ಮೊದಲು ನೋಡಿದ್ದು. ತಾಳಿಯ ವಿಷಯ ತಿಮ್ಮವ್ವ ಮತ್ತೆ ಎತ್ತಲಿಲ್ಲ.

ಆಗ ತಂತಿ ಬಂತು. ಹೆಲ್ಗಾಳ ತಾಯಿಗೆ ಹೊಟ್ಟೆಯ ಆಪರೇಷನ್ ಆಗಬೇಕು, ಮಗಳನ್ನು ನೋಡಬೇಕು ಎನ್ನುತ್ತಿದ್ದಾರೆ ಎಂದು. ಅವಳು ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡೇ ಹಾಲು ಕರೆದಳು. ಬೊಂಬಾಯಿಯಿಂದ ಹಡಗು ಹೊರಡಲು ಮೂರು ವಾರವಿತ್ತು. ಅದು ತಪ್ಪಿದರೆ ಮುಂದಿನದು ಮಳೆಗಾಲ ಕಳೆದ ಮೇಲೆ. ಹಡಗಿನ ಕಂಪನಿಯವರು ಎರಡು ಕಾಗದ ಕೇಳಿದರು. ಪರದೇಶದವಳೆಂದು ಬರೆಸಿದ್ದಕ್ಕೆ ಪೊಲೀಸರ ಕಾಗದ, ಹೊರಡುವ ಮುಂಚೆ ತೆರಿಗೆ ಬಾಕಿ ಇಲ್ಲವೆಂದು ತೆರಿಗೆಯವರ ಕಾಗದ. ನಮ್ಮವರು ಟೋಪಿ ಏರಿಸಿಕೊಂಡು, ಎರಡನ್ನೂ ನನಗೆ ಬಿಡಿ ಎಂದರು.

ಮೊದಲು ತೆರಿಗೆ ಕಚೇರಿಗೆ ಹೋದರು, ಅದು ಸುಲಭವೆಂದು. ನಿಜವಾಗಿಯೂ ಸುಲಭವಿತ್ತು. ಈಕೆಗೆ ಇಲ್ಲಿ ಆದಾಯವಿಲ್ಲ, ಆಸ್ತಿಯಿಲ್ಲ, ಗಂಡನೇ ಸಾಕುತ್ತಾನೆ ಎಂದು ಒಂದು ಸಾಲು ಬರೆದುಕೊಟ್ಟರೆ ಆಗುತ್ತಿತ್ತು. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಅವರೇ ಬಾಯಿಬಿಟ್ಟು ಹೇಳಿಕೊಟ್ಟರಂತೆ, ಈ ಹೆಣ್ಣುಮಗಳಿಗೆ ಏನೂ ಇಲ್ಲ ಅಂತ ಬರೀರಿ ಎಂದು. ಆದರೆ ಪಕ್ಕದ ಬೆಂಚಿನ ಮೇಲೆ ಪೇಟೆಯ ಇಬ್ಬರು ದಲಾಲಿಗಳು ಕೂತಿದ್ದರು. ಅವರ ಎದುರು, ನಮ್ಮ ಮನೆಯ ಸೊಸೆಗೆ ಏನೂ ಇಲ್ಲ ಎಂದು ಇವರ ಕೈ ಹೇಗೆ ಬರೆದೀತು?

"ಇಲ್ಲ ಅಂದ್ರೆ ಏನ್ರಿ? ಆಕಿ ತವರಿನೋರು ಎಮ್ಮಿ ಕೊಟ್ಟಾರ. ಕೊಕ್ಕನೂರಾಗೆ ಎರಡೆಕರೆ ಹೊಲ ಆಕಿ ಹೆಸರಿಗೆ ಮಾಡ್ತೀನಿ ಅಂದಾರ. ಮೈಮ್ಯಾಲೆ ಬಂಗಾರ ಐತೆ. ಹಾಲು ಮಾರ್ತಾಳ. ಬಿಕನಾಸಿ ಮನಿ ಹೆಣ್ಣಲ್ರಿ ಅದು."

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಎಲ್ಲವನ್ನೂ ಬರೆದುಕೊಂಡರು. ಸಂಜೆ ನಮ್ಮವರು ಬಹಳ ಗೆಲುವಾಗಿ ಮನೆಗೆ ಬಂದರು. ನಾಲ್ಕನೆಯ ದಿನ ತೆರಿಗೆಯ ಒಬ್ಬ ಇನ್ಸ್‌ಪೆಕ್ಟರು ಎಮ್ಮೆಯನ್ನು ನೋಡಲು ಬಂದರು. ತಿಮ್ಮವ್ವ ಬಾಗಿಲಲ್ಲೇ ನಿಂತು, ಕೇಳದಿದ್ದರೂ, ಹಾಲು ಬಹಳ ಗಟ್ಟಿ ಎಂದು ಸಾಕ್ಷಿ ಹೇಳಿದಳು. ಪರದೇಶದವಳಿಗೆ ಇಷ್ಟೆಲ್ಲ ದಾನ ಕೊಟ್ಟ ಈ ವಾಮದೇವಪ್ಪ ಯಾರು, ಯಾಕೆ ಕೊಟ್ಟರು, ಬಂದು ಹೇಳಲಿ ಎಂದು ಕೊಕ್ಕನೂರಿಗೆ ನೋಟೀಸು ಹೋಯಿತು.

ಅದೇ ವಾರ ಉಚ್ಚೆಂಗಪ್ಪ ಬಂದ. ನಮ್ಮ ಠಾಣೆಯ ಪೇದೆ, ಮಾಯಕೊಂಡದ ಕಡೆಯವನು, ಮೆತ್ತಗಿನ ಮನುಷ್ಯ. ಜಗಲಿಯ ತುದಿಯಲ್ಲಿ ಕೂತು, ನೀರು ಕುಡಿದು, ಸಂಕೋಚದಿಂದ ವಿಷಯ ತೆಗೆದ. ಹೆಲ್ಗಾ ಎಂಬ ಜರ್ಮನ್ ಹೆಂಗಸು ಬೊಂಬಾಯಿಯಲ್ಲಿ ಹಡಗಿನಿಂದ ಇಳಿದು ದಾವಣಗೆರೆಗೆ ಹೋಗುತ್ತೇನೆಂದು ಹೇಳಿದ್ದಾಳೆ, ಇಲ್ಲಿ ಬಂದ ದಾಖಲೆಯೇ ಇಲ್ಲ. ಈ ವಿಳಾಸದಿಂದ ಬಂದದ್ದು ದ್ರಾಕ್ಷಾಯಣಮ್ಮ ಎಂಬವರ ಫಾರಂ ಮಾತ್ರ. ಅವರು ಯಾರು ಎಂದು ಕೇಳಿದ.

ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳು ಒಳಗೆ ಓಡಿ ಗೋಡೆಯ ಮೇಲಿನ ಪಟ ತೋರಿಸಿದಳು. ಹಾರ ಹಾಕಿದ ನಮ್ಮ ಅತ್ತೆಯವರ ಪಟ. ಉಚ್ಚೆಂಗಪ್ಪ ತಲೆಯ ಮೇಲಿನ ಪೇಟ ತೆಗೆದು ಕೈಮುಗಿದ. ಪುರಸಭೆಯಲ್ಲಿಯೂ ಹಾಗೆಯೇ ಇದೆ, ಈ ಮನೆಯ ದ್ರಾಕ್ಷಾಯಣಮ್ಮ ತೀರಿಕೊಂಡು ಬಹಳ ವರ್ಷವಾಯಿತೆಂದು, ಎಂದ.

"ಹಂಗಾದ್ರೆ ಯಜಮಾನ್ರೆ, ಹೋದ ವರ್ಷ ಸಹಿ ಮಾಡಿದೋರು ಯಾರ್ರಿ?"

ನಮ್ಮವರು ಅವರು ಬೇರೆ, ಇವರು ಬೇರೆ ಎಂದರು. ಇವರೆಂದರೆ ಹೆಲ್ಗಾ ಎಂದರು. ಹೆಲ್ಗಾ ಎಂದರೆ ದ್ರಾಕ್ಷಾಯಣಮ್ಮ ಎಂದರು. ಪೇದೆ ಬಹಳ ತಾಳ್ಮೆಯಿಂದ ಕೇಳಿಸಿಕೊಂಡು, ಕಾಣೆಯಾದವರು ಯಾರು, ಸತ್ತವರು ಯಾರು, ಹಾಲು ಮಾರುವವರು ಯಾರು ಎಂದು ಒಬ್ಬೊಬ್ಬರನ್ನೇ ಬೇರೆ ಬೇರೆ ಹೇಳಲು ಕೇಳಿಕೊಂಡ. ಆಗ ಹಿತ್ತಲಿನಿಂದ ಹೆಲ್ಗಾ ತಂಬಿಗೆ ಹಿಡಿದು ಬಂದಳು. ಅವನು ಅವಳ ನೀಲಿ ಕಣ್ಣನ್ನೂ ಪಟವನ್ನೂ ಒಮ್ಮೆ ನೋಡಿ, ಇದು ನನ್ನ ಮಟ್ಟದ್ದಲ್ಲ, ಚಿತ್ರದುರ್ಗದಿಂದ ದೊಡ್ಡ ಸಾಹೇಬರು ಗುರುವಾರ ಬರುತ್ತಾರೆ, ಎಲ್ಲರೂ ಬನ್ನಿ ಎಂದು ಹೇಳಿ ಎದ್ದ.

ಗುರುವಾರಕ್ಕೂ ಹಡಗಿಗೂ ನಡುವೆ ಒಂಬತ್ತೇ ದಿನ ಉಳಿದಿತ್ತು.

ನಾವೆಲ್ಲ ಹೋದೆವು. ನಮ್ಮ ಮನೆತನದ ಹೆಣ್ಣಿನ ಹೆಸರು ಠಾಣೆಯಲ್ಲಿ ಕೇಳಬಾರದೆಂದು ಮಾಡಿದ ಉಪಾಯದಿಂದ ಮನೆಯ ಹೆಣ್ಣುಗಳೆಲ್ಲ ಠಾಣೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ರೇಷ್ಮೆ ಸೀರೆಯ ಕೆಳಗಿನ ಪಾಸ್‌ಪೋರ್ಟು ಹೊರಬಂದು ನಫ್ತಲಿನ್ ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಸಾಹೇಬರು ವಯಸ್ಸಾದವರು, ಮೃದು ಮಾತಿನವರು. ಫಾರಮ್ಮನ್ನು ನಿಧಾನವಾಗಿ ಓದುತ್ತಾ ಹೋದರು. ಗದರಿದ್ದರೆ ಚೆನ್ನಾಗಿತ್ತು.

"ಜರ್ಮನಿಯಿಂದ ಎತ್ತಿನ ಗಾಡಿಯಲ್ಲಿ ಬಂದ್ರೇನಮ್ಮ?"

"ಹೌದ್ರಿ, ಕೊಕ್ಕನೂರಿಂದ," ಎಂದಳು ಹೆಲ್ಗಾ. "ನಮ್ಮಪ್ಪಾರ ಗಾಡಿ."

ಸಾಹೇಬರ ಬೆರಳು ಮದುವೆಯ ದಿನದ ಮೇಲೆ ನಿಂತಿತು. ಅಲ್ಲಿಂದ ಕೆಳಗೆ ಮಗುವಿನ ವಯಸ್ಸಿಗೆ ಇಳಿಯಿತು. ಮತ್ತೆ ಮೇಲಕ್ಕೆ ಹೋಯಿತು. ಮದುವೆಯಾಗಿ ಒಂದು ವರ್ಷ, ಮಗನಿಗೆ ಮೂರು. ಕೋಣೆಯಲ್ಲಿ ಬರೆಯುತ್ತಿದ್ದವರೆಲ್ಲ ಬರೆಯುವುದನ್ನು ನಿಲ್ಲಿಸಿದರು. ಬಕ್ಕೇಶಪ್ಪ ಕಿಟಕಿಯ ಸರಳು ನೋಡಿದ, ನಾನು ಕಾಲುಂಗುರ ನೋಡಿಕೊಂಡೆ, ನಮ್ಮವರು ಟೋಪಿ ತೆಗೆದು ಅದರೊಳಗೆ ಮುಖವಿಟ್ಟರು. ಇಡೀ ಕಾಗದದಲ್ಲಿ ಸರಿಯಾಗಿದ್ದದ್ದು ಮಗುವಿನ ವಯಸ್ಸೊಂದೇ. ಮರ್ಯಾದೆ ತೆಗೆದದ್ದೂ ಅದೇ.

ನಮಗೇನಾಗಿದೆ ಎಂದು ಹೆಲ್ಗಾಳಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. ತಿಳಿದಾಗ ನಕ್ಕಳು. ಸಾಹೇಬರ ಮುಂದೆ ಎರಡು ಬೆರಳು ಎತ್ತಿ ಹಿಡಿದು, ಠಾಣೆಗೆಲ್ಲ ಕೇಳುವಂತೆ ಹೇಳಿದಳು.

"ಮದುವಿ ಎರಡು ಆಗೈತ್ರಿ. ಗಂಡ ಒಬ್ಬನ."

ಉಚ್ಚೆಂಗಪ್ಪ ಕೆಮ್ಮುತ್ತಾ ಹೊರಗೆ ಹೋದ. ಆ ಮಾತು ನಾವು ಮನೆ ಮುಟ್ಟುವ ಮೊದಲೇ ಚೌಕಿಪೇಟೆ ಮುಟ್ಟಿತ್ತು.

ಸಾಹೇಬರು ದಾರಿ ಹೇಳಿದರು. ಕಾಲ ಕೆಟ್ಟಿದೆ, ಇದನ್ನು ದೊಡ್ಡದು ಮಾಡಿದರೆ ಕೇಸಾಗುತ್ತದೆ, ಆಗ ಹಡಗೂ ಇಲ್ಲ ಏನೂ ಇಲ್ಲ. ಅದರ ಬದಲು ಫಾರಂ ಬರೆದವರು ತಮ್ಮ ಕೈಯಲ್ಲೇ, ತಿಳುವಳಿಕೆಯಿಲ್ಲದೆ ತಪ್ಪು ಬರೆದೆನೆಂದು ಒಂದು ಹೇಳಿಕೆ ಕೊಡಲಿ. ವಾಮದೇವಪ್ಪ ಎಂಬವರು ಈಕೆ ತನ್ನ ಮಗಳಲ್ಲವೆಂದು ಒಂದು ಹೇಳಿಕೆ ಕೊಡಲಿ. ಅದರ ನಕಲು ತೆರಿಗೆಯವರಿಗೂ ಹೋದರೆ ಎಮ್ಮೆಯ ತಕರಾರೂ ಮುಗಿಯುತ್ತದೆ. ಆಕೆಯ ಹೆಸರಿಗೆ ಹೊಸದಾಗಿ ಬರೆದುಕೊಂಡು ಇವತ್ತೇ ಕಾಗದ ಕೊಡುತ್ತೇನೆ ಎಂದರು.

ತಿಳುವಳಿಕೆಯಿಲ್ಲದೆ. ಈ ಒಂದು ಪದ ಬರೆಯಲು ನಮ್ಮವರಿಗೆ ಹಿಡಿದಷ್ಟು ಹೊತ್ತಿನಲ್ಲಿ ನಾನು ಮನೆಯಲ್ಲಿ ಹತ್ತು ರೊಟ್ಟಿ ಬಡಿಯುತ್ತಿದ್ದೆ. ಅವರ ಬೆನ್ನ ಮೇಲೆ ಕೈಯಿಡಬೇಕೆನಿಸಿತು, ಠಾಣೆಯಲ್ಲವೇ, ಸುಮ್ಮನೆ ಕೂತೆ. ಬರೆದರು. ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿಹೇಳಿಯೂ ಆಯಿತು.

ತೆರಿಗೆಯ ನೋಟೀಸು ಹಿಡಿದು ದಾವಣಗೆರೆಗೆ ಬಂದಿದ್ದ ವಾಮದೇವಪ್ಪನವರನ್ನು ಬಕ್ಕೇಶಪ್ಪ ಕರೆತಂದ. ರುಮಾಲು, ಹೆಗಲ ಮೇಲೆ ಕಂಬಳಿ. ಬಂದವರೇ ಮೊಮ್ಮಗನನ್ನು ಎತ್ತಿಕೊಂಡರು. ವಿಷಯ ಕೇಳಿದ ಮೇಲೆ ಕೂರಲಿಲ್ಲ.

"ಎಮ್ಮಿ ಲೆಕ್ಕ ಕೇಳ್ರಿ, ಹೇಳ್ತೀನಿ. ಮಗಳಲ್ಲ ಅಂತ ಬರಿ ಅಂದ್ರೆ ಹೆಂಗ್ರಿ? ನಾಲ್ಕು ಜನರ ಮುಂದ ಒಪ್ಪಿಸಿಕೊಟ್ಟ ಕೈ ಇದು. ಅದೇ ಕೈಲಿ ಅಲ್ಲ ಅಂತ ಬರೀಲಾ?"

ಇದು ಬರೀ ಕಾಗದಕ್ಕೆ ಎಂದು ಸಾಹೇಬರು ಸಮಾಧಾನ ಹೇಳಿದರು. ಆಕೆಯ ಹೆತ್ತ ತಂದೆ ಬೇರೆ ಇದ್ದಾರೆ ಎಂದು ವಿವರಿಸಿದರು. ಇರಲಿ, ನಾನು ಅವರ ಜಗಳಕ್ಕೆ ಹೋಗಿಲ್ಲವಲ್ಲ ಎಂದರು ಮುದುಕರು. ಹಾಗೆ ಮಗಳೆಂದೇ ಹಟ ಹಿಡಿದರೆ, ನಿಮ್ಮ ಮಗಳು ಪರದೇಶದ ಪಾಸ್‌ಪೋರ್ಟು ಇಟ್ಟುಕೊಂಡದ್ದು ಹೇಗೆ ಎಂದು ನಿಮ್ಮನ್ನೇ ಕೇಳಬೇಕಾಗುತ್ತದೆ ಎಂದರು ಸಾಹೇಬರು. ಕೇಳ್ರಿ, ಬೇಕಾದರೆ ಒಳಗೆ ಹಾಕ್ರಿ ಎಂದು ಅವರು ಕಂಬಳಿ ಹಾಸಿಯೇಬಿಟ್ಟರು. ನಮ್ಮವರು ಅವರ ಕೈಹಿಡಿದು, ಮಾವಾರ, ಹಡಗು ಹೋಗುತ್ತದೆ ಎಂದು ಅಂಗಲಾಚಿದರು. ಮುದುಕರು ಇವರ ಕಡೆ ತಿರುಗಿ ನೋಡಿದರು.

"ಕಲ್ಲೇಶಪ್ಪ, ಆವತ್ತು ನಿನ್ನ ಮರ್ಯಾದಿಗೆ ಮಗಳು ಅನ್ನು ಅಂದಿ. ಅಂದೆ. ಇವತ್ತು ಅಲ್ಲ ಅನ್ನು ಅಂತಿ. ನಡುವೆ ಒಂದು ವರ್ಷ ಆಕಿ ಅಪ್ಪಾ ಅಂದಾಳಲ್ಲಪ್ಪ, ಅದನ್ನ ಎಲ್ಲಿ ಇಡ್ಲಿ?"

ನಮ್ಮವರು ಟೋಪಿಗೆ ಕೈ ಹಾಕಿದರು. ತೆಗೆಯಲೂ ಧೈರ್ಯ ಬರಲಿಲ್ಲ.

ಆಗ ಹೆಲ್ಗಾ ಎದ್ದು ಬಂದು ಮುದುಕರ ಕಾಲ ಬಳಿ ಕಂಬಳಿಯ ಮೇಲೆ ಕೂತಳು. ಅವರ ಕೈಗೆ ಪೆನ್ನು ಕೊಟ್ಟಳು.

"ಬರೀರಿ ಅಪ್ಪಾರ. ಅವ್ವನ್ನ ನೋಡಬೇಕು ನಾನು."

ಮುದುಕರು ಅವಳ ಪಕ್ಕ ಕೂತರು. ಆಮೇಲೆ ಬಗ್ಗಿ, ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಬರೆದರು. ಈಕೆ ನನ್ನ ಮಗಳಲ್ಲ. ಬರೆದು ಸಾಹೇಬರಿಗೆ ಕೊಟ್ಟರು.

"ತಗೋರಿ. ಮಗಳು ಕೇಳಿದ್ಲು ಅಂತ ಬರದೀನಿ."

ಸಾಹೇಬರು ಅದನ್ನು ಫೈಲಿಗೆ ಸೇರಿಸಿ, ಬಹಳ ಹೊತ್ತು ದಾರ ಕಟ್ಟಿದರು. ವಾಮದೇವಪ್ಪನವರು ಯಾರ ಮುಖವನ್ನೂ ನೋಡದೆ ಕಂಬಳಿ ಕೊಡವಿ ಬಸ್ಸಿಗೆ ಹೋದರು. ಆ ರಾತ್ರಿ ನಮ್ಮವರು ಊಟ ಬೇಡವೆಂದರು. ಜಗಲಿಯ ಮೇಲೆ ಯಾರೋ ಫಾರಂ ಹಿಡಿದು ಬಂದಿದ್ದರು, ನನಗೆ ತಿಳಿಯುವುದಿಲ್ಲ ಎಂದು ಕಳಿಸಿಬಿಟ್ಟರು.

ತೆರಿಗೆಯವರ ಕಾಗದವೂ ಬಂತು, ಹೊರಡುವ ದಿನವೂ ಬಂತು. ಹರಿಹರ ದಾಟಿ ಹೊಳೆಯ ಆಚೆ ಹೋದರೆ ಧಾರವಾಡ ಜಿಲ್ಲೆ. ಆದ್ದರಿಂದ ಪರದೇಶದವಳು ನಮ್ಮ ಜಿಲ್ಲೆ ಬಿಟ್ಟದ್ದನ್ನು ಕಣ್ಣಾರೆ ಕಂಡು ಬರೆಯಲು ಉಚ್ಚೆಂಗಪ್ಪನನ್ನು ಹರಿಹರದ ಸ್ಟೇಷನ್ನಿಗೆ ಕಳಿಸಿದ್ದರು. ಬಕ್ಕೇಶಪ್ಪ ಬೊಂಬಾಯಿಯವರೆಗೆ ಜೊತೆಗೆ ಹೋಗಲು ರಜೆ ಪಡೆದಿದ್ದ. ರೈಲಿಗೆ ಇನ್ನೂ ಹೊತ್ತಿತ್ತು. ಹೆಲ್ಗಾ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಬಾಗಿಲ ಕಡೆ ಹೋಗಿ ಹೋಗಿ ನೋಡಿ ಬರುತ್ತಿದ್ದಳು. ಎಮ್ಮೆಗೆ ಬೂಸಾ ಎಷ್ಟು ಹಾಕಬೇಕೆಂದು ನನಗೆ ಎರಡು ಸಲ ಹೇಳಿದಳು.

ಮುದುಕರು ಬಂದಿದ್ದರು. ನೀರಿನ ನಲ್ಲಿಯ ಹಿಂದೆ, ಕೈಯಲ್ಲಿ ಗಂಟು ಹಿಡಿದು ನಿಂತಿದ್ದರು. ಸರ್ಕಾರದ ಮುಂದೆ ಮಗಳಲ್ಲವೆಂದು ಬರೆದವನು ಪೇದೆಯ ಎದುರು ಹೇಗೆ ಬರುವುದು ಎಂದು ಅವರ ಸಂಕೋಚ. ಅವರನ್ನು ಮೊದಲು ಕಂಡವರು ನಮ್ಮವರು. ಕಂಡೂ ಹತ್ತಿರ ಹೋಗಲು ಕಾಲು ಬರದೆ, ತೂಕದ ಯಂತ್ರದ ಹಿಂದೆ ಹೋಗಿ ನಿಂತರು. ಒಬ್ಬರು ನಲ್ಲಿಯ ಹಿಂದೆ, ಒಬ್ಬರು ಯಂತ್ರದ ಹಿಂದೆ. ಇಬ್ಬರು ಮಾನವಂತರು, ಬಚ್ಚಿಟ್ಟುಕೊಂಡು ಆಡುವ ಮಕ್ಕಳ ಹಾಗೆ.

ಉಚ್ಚೆಂಗಪ್ಪ ಎರಡೂ ಕಡೆ ನೋಡಿದ. ನಲ್ಲಿಯ ಹತ್ತಿರ ಹೋದ.

"ಗೌಡ್ರೆ, ಪರದೇಶದೋರು ರೈಲು ಹತ್ತೋದು ನೋಡು ಅಂತ ನನಗ ಡ್ಯೂಟಿ. ಮಗಳು ಹತ್ತೋದು ನೋಡು ಅಂತ ಯಾರೂ ಹೇಳಿಲ್ಲ. ನಾನು ಆ ಕಡಿ ತಿರಿಗಿ ನಿಂದಿರ್ತೀನಿ."

ನಿಂತ. ಅವನ ಬೆನ್ನ ಹಿಂದೆ ನಾನು ಹೆಲ್ಗಾಳ ಉಡಿ ತುಂಬಿದೆ. ಮೊಣಕಾಲು ನೋವಿನಿಂದ ಬರಲಾಗದ ಕೊಕ್ಕನೂರಿನ ತಾಯಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿನದ ಕೊನೆ, ಹಸಿರು ಕುಪ್ಪಸದ ಕಣ ಎಲ್ಲವನ್ನೂ ಕಟ್ಟಿ ಕಳಿಸಿದ್ದರು. ಜೊತೆಗೆ ಬೇರೆಯದೇ ಒಂದು ಗಂಟಿನಲ್ಲಿ ಶೇಂಗಾ ಹೋಳಿಗೆ.

"ಇದು ನಿಮ್ಮ ಅವ್ವಗ," ಎಂದರು ಮುದುಕರು. "ಮಗಳು ಒಬ್ಬಾಕಿ, ತವರು ಎರಡು. ಅವರಿಗೆ ನಾವು ಏನಾಗಬೇಕೋ ಗೊತ್ತಿಲ್ಲವ್ವ. ಏನಾದ್ರೂ ಆಗ್ತೀವಿ. ಕೊಡು."

ರೈಲು ಬಂತು. ಸಾಮಾನು ಏರಿತು, ಪೀಟರ್ ಏರಿದ. ಹೆಲ್ಗಾ ಕಿಟಕಿಯಲ್ಲಿ ಕೂತು, ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಯಾರನ್ನೋ ಹುಡುಕಿದಳು. ನಮ್ಮವರು ಯಂತ್ರದ ಹಿಂದಿನಿಂದ ಹೊರಬಂದು ಕಿಟಕಿಯ ಕೆಳಗೆ ನಿಂತರು. ಏನೋ ಹೇಳಬೇಕೆಂದಿದ್ದರು. ಅವಳೇ ಮೊದಲು ಕೇಳಿದಳು, ಕುಚೋದ್ಯವಿಲ್ಲದೆ, ತಿಳಿದುಕೊಳ್ಳಲೆಂದೇ.

"ಭಾವಾರ, ವಾಪಸ್ ಬರೋವಾಗ ಫಾರಮ್ಮಿನಾಗೆ ಯಾವ ಹೆಸರು ಬರೀಲಿ?"

ನಮ್ಮವರು ಕಿಟಕಿಯ ಸರಳು ಹಿಡಿದುಕೊಂಡರು.

"ನಿನ್ನ ಹೆಸರು ಬರಿಯವ್ವ, ಹೆಲ್ಗಾ."

ಆ ಹೆಸರನ್ನು ಅವರು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ರೈಲು ಸೇತುವೆಯ ಮೇಲೆ ಹೋಗುವವರೆಗೂ ಪೀಟರನ ಕೈ ಕಿಟಕಿಯಲ್ಲಿ ಕಾಣುತ್ತಿತ್ತು. ಮುದುಕರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಹೊಳೆಯ ಕಡೆಯ ಗಾಳಿಯಲ್ಲಿ ಧೂಳು ಬಹಳ ಎಂದರು.

ಆಗ ಉಚ್ಚೆಂಗಪ್ಪ ಈ ಕಡೆ ತಿರುಗಿ ಜೇಬಿನಿಂದ ಒಂದು ಕಾಗದ ತೆಗೆದ. ಪರದೇಶದವಳು ಹೊರಟದ್ದನ್ನು ನೋಡಿದ್ದೇವೆಂದು ಮನೆಯವರೊಬ್ಬರ ಸಹಿ ಬೇಕಿತ್ತು. ಕೆಳಗೆ ಒಂದು ಖಾಲಿ ಜಾಗ, ಅವರಿಗೂ ನಿಮಗೂ ಏನು ಸಂಬಂಧ ಎಂದು. ನಮ್ಮವರು ಪೆನ್ನು ತೆಗೆದುಕೊಂಡರು. ಖಾಲಿ ಜಾಗವನ್ನು ನೋಡಿದರು. ನನ್ನನ್ನು ನೋಡಿದರು. ನಮ್ಮ ಮದುವೆಯಾದಂದಿನಿಂದ ಒಂದು ಕಾಗದವನ್ನೂ ನನ್ನ ಕೈಗೆ ಕೊಡದಿದ್ದವರು ಪೆನ್ನನ್ನು ನನ್ನ ಕಡೆ ನೀಡಿದರು.

ನಾನು ಸೆರಗಿಗೆ ಕೈ ಒರೆಸಿಕೊಂಡು ಸಹಿ ಮಾಡಿದೆ. ಸಂಬಂಧದ ಎದುರು ತಂಗಿ ಎಂದು ಬರೆದೆ.

ಉಚ್ಚೆಂಗಪ್ಪ ಓದಿದ. ರೈಲು ಹೋದ ದಿಕ್ಕನ್ನು ನೋಡಿದ.

"ಅಮ್ಮಾರ," ಎಂದ, "ಮತ್ತೆ ಶುರು ಮಾಡಬ್ಯಾಡ್ರಿ."

ನಮ್ಮವರು ಟೋಪಿ ತೆಗೆದರು. ಒಳಗೆ ನೋಡಲಿಲ್ಲ. ಅದರಿಂದ ಕಾಗದದ ಮೇಲೆ ಗಾಳಿ ಬೀಸಿ, ಶಾಯಿ ಪೂರ್ತಿ ಒಣಗುವವರೆಗೂ ಬೀಸುತ್ತಲೇ ನಿಂತರು.